ಲೆಕ್ಕಕ್ಕೆ ಸಿಗದ ಗಾಳಿ

"ಸಾರ್, ಗಾಡಿಗೆ ವಯಸ್ಸಾಯ್ತು. ಮಾರಿಬಿಡಿ."

ಹದಿನೈದು ವರ್ಷ ದಾಟಿದ ಕಾರನ್ನು ಗ್ಯಾರೇಜಿಗೆ ಒಯ್ದವರೆಲ್ಲ ಒಮ್ಮೆಯಾದರೂ ಕೇಳಿರೋ ಮಾತು ಇದು. ಕೆಲವು ಸಲ ಅದು ನಿಜ ಕೂಡ. ಆದರೆ ಬಹಳಷ್ಟು ಸಲ, ರೋಗ ಏನು ಅಂತ ಹುಡುಕೋಕೆ ಪುರುಸೊತ್ತಿಲ್ಲದಾಗ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿಬಿಡ್ತಾರೆ. ಹಳೇ ಪೆಟ್ರೋಲ್ ಕಾರುಗಳಲ್ಲಿ ಹೀಗೆ ವಯಸ್ಸಿನ ಹೆಸರಲ್ಲಿ ತಪ್ಪಿಸಿಕೊಂಡು ಓಡಾಡೋ ಒಂದು ಕಾಯಿಲೆ ಇದೆ. ಪುಸ್ತಕದ ಭಾಷೆಯಲ್ಲಿ ವ್ಯಾಕ್ಯೂಮ್ ಲೀಕ್. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ "ಏರ್ ಎಳೀತಿದೆ". ಸರಿಯಾಗಿ ಪತ್ತೆಯಾದರೆ ರಿಪೇರಿ ಖರ್ಚು ಹೆಚ್ಚಿನ ಸಲ ಒಂದು ಪಿಜ್ಜಾದಷ್ಟು. ಪತ್ತೆಯಾಗದೇ ಹೋದರೆ ಸಾವಿರಗಟ್ಟಲೆ ನುಂಗುತ್ತೆ, ಜೊತೆಗೆ ಬ್ರೇಕಿಗೂ ಕೈ ಹಾಕುತ್ತೆ.

ಅಪ್ಪನ 2005ರ ಮಾಡೆಲ್ ಪೆಟ್ರೋಲ್ ಕಾರಿನಲ್ಲಿ ಇದನ್ನು ಹುಡುಕಿ ಸರಿ ಮಾಡಿಸಿದ ಕಥೆ ಹೇಳ್ತಾ, ನಿಮ್ಮ ಮನೆಯಲ್ಲೂ ಅಂಥದ್ದೊಂದು ಹಳೇ ಗಾಡಿ ಇದ್ದರೆ ಏನೇನು ನೋಡಬೇಕು ಅನ್ನೋದನ್ನೂ ಈ ವಾರ ಹೇಳ್ತೀನಿ.

ಎಳನೀರಿನ ಸ್ಟ್ರಾ

ಮೊದಲು ಈ "ವ್ಯಾಕ್ಯೂಮ್" ಎಲ್ಲಿಂದ ಬಂತು ಅಂತ ನೋಡೋಣ. ಪೆಟ್ರೋಲ್ ಇಂಜಿನ್ ಅಂದ್ರೆ ಮೂಲತಃ ಗಾಳಿ ಎಳೆಯೋ ಪಂಪು. ಪಿಸ್ಟನ್ ಕೆಳಗೆ ಇಳಿದಾಗಲೆಲ್ಲ ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತೆ. ಆ ದಾರಿಯಲ್ಲಿ ಥ್ರಾಟಲ್ ಅನ್ನೋ ಒಂದು ಬಾಗಿಲಿದೆ. ನೀವು ಆಕ್ಸಿಲರೇಟರ್ ಒತ್ತಿದಷ್ಟು ಅದು ತೆರೆಯುತ್ತೆ. ಕಾಲು ತೆಗೆದರೆ ಮುಚ್ಚಿಕೊಳ್ಳುತ್ತೆ. ಬಾಗಿಲು ಮುಚ್ಚಿದೆ, ಒಳಗೆ ಪಿಸ್ಟನ್‌ಗಳು ಎಳೀತಾನೇ ಇವೆ. ಹಾಗಾಗಿ ಬಾಗಿಲ ಹಿಂದಿನ ಕೊಳವೆಯಲ್ಲಿ, ಅಂದ್ರೆ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ, ಗಾಳಿಯ ಒತ್ತಡ ಹೊರಗಿನದಕ್ಕಿಂತ ಬಹಳ ಕಮ್ಮಿ ಆಗುತ್ತೆ. ಅದೇ ವ್ಯಾಕ್ಯೂಮ್.

ಈ ಎಳೆತವನ್ನು ಇಂಜಿನಿಯರ್‌ಗಳು ಸುಮ್ಮನೆ ಬಿಟ್ಟಿಲ್ಲ. ರಬ್ಬರ್ ಪೈಪುಗಳ ಮೂಲಕ ಅದನ್ನು ಬೇರೆ ಬೇರೆ ಕೆಲಸಕ್ಕೆ ಹಚ್ಚಿದ್ದಾರೆ. ಒಂದು ಪೈಪು ಬ್ರೇಕ್ ಬೂಸ್ಟರ್‌ಗೆ ಹೋಗುತ್ತೆ. ಇನ್ನೊಂದು ಇಂಜಿನ್ನಿನ ಹೊಟ್ಟೆಯಲ್ಲಿ ಸೇರೋ ಆಯಿಲ್ ಹೊಗೆಯನ್ನು ವಾಪಸ್ ಎಳೆಯೋ ಪಿಸಿವಿ ವಾಲ್ವ್‌ನದು. ಪೆಟ್ರೋಲ್ ಟ್ಯಾಂಕಿನ ಆವಿಗೆ ಒಂದು, ಒತ್ತಡ ಅಳೆಯೋ ಸೆನ್ಸರ್‌ಗೆ ಒಂದು. ಕಾರ್ಬೊರೇಟರ್ ಕಾಲದ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್‌ಗೂ ಒಂದು ಸಣ್ಣ ಪೈಪು ಹೋಗ್ತಿತ್ತು.

ಇವೆಲ್ಲ ರಬ್ಬರ್. ಇಂಜಿನ್ನಿನ ಶಾಖ, ಆಯಿಲ್ ಆವಿ, ನಮ್ಮ ಬೇಸಿಗೆ, ನಮ್ಮ ಧೂಳು ಎಲ್ಲಾ ಸೇರಿ ಹತ್ತು-ಹದಿನೈದು ವರ್ಷದಲ್ಲಿ ಕೆಲವು ಪೈಪುಗಳು ಹಪ್ಪಳದಂತೆ ಗಟ್ಟಿಯಾಗ್ತವೆ. ಕೆಲವು ಆಯಿಲ್ ಕುಡಿದು ಹಳೇ ಚೂಯಿಂಗ್ ಗಮ್‌ನಂತೆ ಮೆತ್ತಗಾಗ್ತವೆ. ಎರಡೂ ಒಂದಿನ ಸೀಳ್ತವೆ.

ಎಳನೀರು ಕುಡಿಯುವಾಗ ಸ್ಟ್ರಾದಲ್ಲಿ ಸೀಳಿದ್ದರೆ ಏನಾಗುತ್ತೆ ಅಂತ ಗೊತ್ತಲ್ಲ? ಎಷ್ಟು ಎಳೆದರೂ ಬಾಯಿಗೆ ಬರೋದು ಗಾಳಿ. ಇಂಜಿನ್ನಿನ ಕಥೆಯೂ ಅಷ್ಟೇ. ಬಾಗಿಲಿಂದ ಬರಬೇಕಾದ ಗಾಳಿಯ ಜೊತೆಗೆ ಸೀಳಿನಿಂದ ಇನ್ನಷ್ಟು ಗಾಳಿ ನುಗ್ಗುತ್ತೆ.

ಛತ್ರದ ಹಿಂಬಾಗಿಲು

ಹೆಚ್ಚುವರಿ ಗಾಳಿ ಬಂದರೆ ಏನು ನಷ್ಟ? ನಷ್ಟ ಇರೋದು ಲೆಕ್ಕದಲ್ಲಿ. ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಫ್ಯೂಯೆಲ್ ಇಂಜೆಕ್ಷನ್ ಇರೋ ಕಾರಿನಲ್ಲಿ ಇಸಿಯು ಅನ್ನೋ ಸಣ್ಣ ಕಂಪ್ಯೂಟರ್ ಬಂದ ಗಾಳಿ ನೋಡಿ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತೆ. ಗಾಳಿಯನ್ನು ಅದು ಎರಡು ರೀತಿಯಲ್ಲಿ ಎಣಿಸಬಹುದು. ಯಾವ ರೀತಿ ಎಣಿಸುತ್ತೆ ಅನ್ನೋದರ ಮೇಲೆ ರೋಗದ ಲಕ್ಷಣವೂ ಬದಲಾಗುತ್ತೆ.

ಮದುವೆ ಛತ್ರ ನೆನೆಸಿಕೊಳ್ಳಿ. ಒಂದು ಪದ್ಧತಿಯಲ್ಲಿ ಮುಂಬಾಗಿಲಲ್ಲಿ ಒಬ್ಬ ನಿಂತು ಬಂದವರನ್ನು ಎಣಿಸಿ ಅಡುಗೆ ಭಟ್ಟರಿಗೆ ಹೇಳ್ತಾನೆ. ಹಿಂಬಾಗಿಲಿಂದ ಐವತ್ತು ಜನ ನುಗ್ಗಿದರೆ ಅವನಿಗೆ ಗೊತ್ತೇ ಆಗಲ್ಲ, ಊಟ ಕಮ್ಮಿ ಬೀಳುತ್ತೆ. ಗಾಳಿಯ ಹರಿವನ್ನು ಫಿಲ್ಟರ್ ಹತ್ತಿರವೇ ಅಳೆಯೋ ಕಾರುಗಳಲ್ಲಿ ಹೀಗಾಗುತ್ತೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಇಂಜಿನ್ ನಡುಗುತ್ತೆ, ಮಿಸ್ ಹೊಡೆಯುತ್ತೆ, ಸಿಗ್ನಲ್‌ನಲ್ಲಿ ಆಫ್ ಆಗುತ್ತೆ. ಕಾರ್ಬೊರೇಟರ್ ಗಾಡಿಯಲ್ಲೂ ಹೆಚ್ಚು ಕಮ್ಮಿ ಇದೇ ಕಥೆ.

ಇನ್ನೊಂದು ಪದ್ಧತಿಯಲ್ಲಿ ಬಾಗಿಲಲ್ಲಿ ಯಾರೂ ಇರಲ್ಲ. ಭಟ್ಟರೇ ಊಟದ ಹಾಲ್‌ಗೆ ಇಣುಕಿ, ಎಷ್ಟು ತುಂಬಿದೆ ಅಂತ ನೋಡಿ ಅಡುಗೆ ಮಾಡ್ತಾರೆ. ಹಿಂಬಾಗಿಲಿಂದ ಬಂದವರಿಗೂ ಊಟ ಸಿಗುತ್ತೆ, ಆದರೆ ಅಕ್ಕಿ ಬೇಗ ಖಾಲಿ. ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಇರೋ ಕಾರುಗಳು ಈ ಜಾತಿ. ನಮ್ಮಲ್ಲಿ ಓಡ್ತಿರೋ ಹಳೇ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಈ ಪದ್ಧತಿ ಸಾಮಾನ್ಯ. ಇವುಗಳಲ್ಲಿ ಲೀಕ್ ಆದರೆ ಇಂಜಿನ್ ಸಾಯಲ್ಲ, ಅರಚುತ್ತೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಆರ್‌ಪಿಎಂ ಇಳಿಯಲ್ಲ.

ಕೆಲವು ಸಲ ಅದು ಉಯ್ಯಾಲೆ ಕೂಡ ಆಡುತ್ತೆ. ಥ್ರಾಟಲ್ ಮುಚ್ಚಿದೆ, ಆರ್‌ಪಿಎಂ ಮಾತ್ರ ಮೇಲಿದೆ ಅಂದ್ರೆ ಗಾಡಿ ಇಳಿಜಾರಲ್ಲಿ ಹೋಗ್ತಿದೆ ಅಂತ ಇಸಿಯು ತಿಳ್ಕೊಂಡು ಪೆಟ್ರೋಲ್ ನಿಲ್ಲಿಸುತ್ತೆ. ಆರ್‌ಪಿಎಂ ಬೀಳುತ್ತೆ. ಮತ್ತೆ ಪೆಟ್ರೋಲ್ ಕೊಡುತ್ತೆ, ಮತ್ತೆ ಏರುತ್ತೆ. ವ್ರೂಂ... ವ್ರೂಂ... ನಿಂತಲ್ಲೇ ಗಾಡಿ ಯಾರೋ ರೇಸ್ ಮಾಡಿದ ಹಾಗೆ.

ಅಪ್ಪನ ಕಾಲು

ಅಪ್ಪ ಹಾಸನದಲ್ಲಿದ್ದಾರೆ. ನಿವೃತ್ತ ಮೇಷ್ಟ್ರು, ಎಪ್ಪತ್ತು ದಾಟಿದೆ. ಕಾರು ಅವರದ್ದು. ತರಕಾರಿ, ಬ್ಯಾಂಕು, ಅಮ್ಮನ ಬಿಪಿ ಚೆಕಪ್, ವರ್ಷಕ್ಕೊಂದು ಸಲ ಶಿರಾಡಿ ಘಾಟಿ ಇಳಿದು ಧರ್ಮಸ್ಥಳ. ಇಷ್ಟೇ ಅದರ ಓಡಾಟ. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕಲ್ಲ? 2020ರಲ್ಲಿ ಒಂದು ಸಲ ಆಗಿತ್ತು. 2025ರಲ್ಲಿ ಮತ್ತೆ ಬಂತು. ಎಮಿಷನ್, ಫಿಟ್‌ನೆಸ್, ಗ್ರೀನ್ ಟ್ಯಾಕ್ಸ್. ಇಷ್ಟು ಮಾಡಿಸೋದೋ, ಗುಜರಿಗೆ ಕೊಡೋದೋ ಅನ್ನೋ ಪ್ರಶ್ನೆ ಎದುರಿಗಿತ್ತು.

ಆ ಹೊತ್ತಿಗೇ ಗಾಡಿ ಅರಚೋಕೆ ಶುರು ಮಾಡಿತ್ತು. ಬೆಳಗ್ಗೆ ಏನೂ ಗೊತ್ತಾಗ್ತಿರಲಿಲ್ಲ. ತಣ್ಣಗಿರುವಾಗ ಇಂಜಿನ್ ಹೇಗೂ ಸ್ವಲ್ಪ ಜೋರಾಗೇ ಓಡುತ್ತೆ, ಅದು ಸಹಜ. ಬಿಸಿಯಾದ ಮೇಲೆ 800ರ ಆಸುಪಾಸಿಗೆ ಇಳಿಯಬೇಕಾದ ಆರ್‌ಪಿಎಂ 1,400ರಲ್ಲೇ ನಿಲ್ತಿತ್ತು. ಒಂದು ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. ಎರಡು ದಿನ ಸರಿಹೋದ ಹಾಗಿತ್ತು. ಆಮೇಲೆ ಐಡಲ್ ಮೋಟರ್ ಬದಲಾಯಿಸಿದರು. ಎರಡಕ್ಕೂ ಸೇರಿ 5,200 ರುಪಾಯಿ. ಅದೂ ಆಗದಿದ್ದಾಗ "ಸೆನ್ಸರ್ ಇರಬೇಕು, ಇಲ್ಲಾಂದ್ರೆ ಇಸಿಯು" ಅಂತ 24,000 ರುಪಾಯಿಯ ಎಸ್ಟಿಮೇಟ್ ಕೊಟ್ಟರು. ಕೊನೆಗೆ ಅದೇ ಮಾತು: ವಯಸ್ಸಾಯ್ತು, ಮಾರಿಬಿಡಿ.

ಇದರ ಜೊತೆಗೆ ಇನ್ನೊಂದು ವಿಷಯ ನಡೀತಿತ್ತು. ಅಪ್ಪ ಟೌನ್‌ಗೆ ಕಾರು ತೆಗೆಯೋದನ್ನು ಕಮ್ಮಿ ಮಾಡಿದ್ದರು. ಕೇಳಿದರೆ "ಬ್ರೇಕ್ ಗಟ್ಟಿ ಅನ್ಸುತ್ತೆ ಕಣೋ. ಕಾಲಲ್ಲಿ ಮೊದಲಿನ ಶಕ್ತಿ ಇಲ್ಲ" ಅಂತಿದ್ದರು. ಬ್ರೇಕ್ ಪ್ಯಾಡ್ ಹೊಸದು, ಆಯಿಲ್ ಸರಿ ಇದೆ ಅಂತ ಗ್ಯಾರೇಜಿನವರು ಹೇಳಿದ್ದರಿಂದ ಅವರ ಮಟ್ಟಿಗೆ ಉಳಿದ ಕಾರಣ ಒಂದೇ, ತಮ್ಮ ಮೊಣಕಾಲು. ಈ ವರ್ಷ ಧರ್ಮಸ್ಥಳಕ್ಕೆ ಬಸ್ಸಲ್ಲೇ ಹೋಗೋಣ ಅಂತ ಅಮ್ಮನಿಗೆ ಹೇಳಿಯೂ ಆಗಿತ್ತು.

ಅರಚೋ ಇಂಜಿನ್, ಗಟ್ಟಿಯಾದ ಬ್ರೇಕು. ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಎರಡು ರೋಗ. ಜೊತೆಗಿಟ್ಟು ನೋಡಿದರೆ ಒಂದೇ ಪೈಪಿನ ಕಡೆ ಬೆರಳು ಹೋಗುತ್ತೆ. ಬ್ರೇಕ್ ಬೂಸ್ಟರ್ ಕೆಲಸ ಮಾಡೋದೂ ಅದೇ ವ್ಯಾಕ್ಯೂಮ್‌ನಿಂದ.

ಒಂದು ನಿಮಿಷದ ಬ್ರೇಕ್ ಪರೀಕ್ಷೆ

ಬೂಸ್ಟರ್ ಅಂದ್ರೆ ಬ್ರೇಕ್ ಪೆಡಲ್ ಹಿಂದೆ, ಬಾನೆಟ್ ಒಳಗೆ ಕಾಣೋ ದೊಡ್ಡ ಕಪ್ಪು ತಟ್ಟೆ. ಅದರೊಳಗೆ ಒಂದು ರಬ್ಬರ್ ಪರದೆ. ಪರದೆಯ ಒಂದು ಕಡೆ ಇಂಜಿನ್ನಿನ ವ್ಯಾಕ್ಯೂಮ್. ನೀವು ಪೆಡಲ್ ಒತ್ತಿದಾಗ ಇನ್ನೊಂದು ಕಡೆಗೆ ಹೊರಗಿನ ಗಾಳಿ ಬಿಡುತ್ತೆ. ಆ ಗಾಳಿಯ ಒತ್ತಡ ನಿಮ್ಮ ಕಾಲಿನ ಜೊತೆ ಸೇರಿ ಬ್ರೇಕ್ ತಳ್ಳುತ್ತೆ. ಡೀಸೆಲ್ ಇಂಜಿನ್ನಿನಲ್ಲಿ ಈ ರೀತಿಯ ಎಳೆತ ಸಿಗದ ಕಾರಣ ಅಲ್ಲಿ ಬೇರೆ ವ್ಯಾಕ್ಯೂಮ್ ಪಂಪ್ ಹಾಕಿರ್ತಾರೆ. ಬೂಸ್ಟರ್ ಪೈಪಿನಲ್ಲಿ ಒಂದು ಒನ್-ವೇ ವಾಲ್ವ್ ಇರುತ್ತೆ. ಇಂಜಿನ್ ಆಫ್ ಆದರೂ ಎರಡು ಮೂರು ಸಲ ಬ್ರೇಕ್ ಹಿಡಿಯೋವಷ್ಟು ವ್ಯಾಕ್ಯೂಮನ್ನು ಅದು ಬೂಸ್ಟರ್‌ನಲ್ಲಿ ಕೂಡಿಟ್ಟಿರುತ್ತೆ. ಅಷ್ಟು ಮುಗಿದ ಮೇಲೆ ಇರೋದು ನಿಮ್ಮ ಕಾಲಿನ ಬಲ ಮಾತ್ರ. ಪೆಟ್ರೋಲ್ ಉಳಿಸ್ತೀನಿ ಅಂತ ಘಾಟಿಯಲ್ಲಿ ಇಂಜಿನ್ ಆಫ್ ಮಾಡಿ ಗಾಡಿ ಇಳಿಸೋರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇದನ್ನು ಪರೀಕ್ಷಿಸೋಕೆ ಯಾವ ಸಲಕರಣೆಯೂ ಬೇಡ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿ. ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿ. ಅದು ಕಲ್ಲಿನಂತೆ ಗಟ್ಟಿಯಾಗುತ್ತೆ. ಹಾಗೇ ಒತ್ತಿ ಹಿಡಿದುಕೊಂಡು ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲ ಕೆಳಗೆ ಸ್ವಲ್ಪ ಇಳಿದರೆ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗ್ತಿದೆ ಅಂತ ಅರ್ಥ. ಇಳಿಯದಿದ್ದರೆ ಪೈಪು, ವಾಲ್ವ್ ಅಥವಾ ಬೂಸ್ಟರ್, ಮೂರರಲ್ಲೊಂದಕ್ಕೆ ತೊಂದರೆ.

ಇನ್ನೊಂದು: ಇಂಜಿನ್ ಓಡುವಾಗ ಬ್ರೇಕ್ ಒತ್ತಿ ಹಿಡಿದು, ಹಾಗೇ ಆಫ್ ಮಾಡಿ. ಮೂವತ್ತು ಸೆಕೆಂಡ್ ಹಿಡಿದುಕೊಂಡಿರಿ. ಪೆಡಲ್ ನಿಮ್ಮ ಕಾಲನ್ನು ಮೇಲಕ್ಕೆ ತಳ್ಳಿದರೆ ಕೂಡಿಟ್ಟ ವ್ಯಾಕ್ಯೂಮ್ ಸೋರ್ತಿದೆ ಅಂತ.

ಅಪ್ಪನ ಗಾಡಿಯಲ್ಲಿ ಮೊದಲ ಪರೀಕ್ಷೆಯಲ್ಲಿ ಪೆಡಲ್ ಇಳಿದೂ ಇಳಿಯದ ಹಾಗಾಯ್ತು. ಎರಡನೆಯದರಲ್ಲಿ ಹತ್ತು ಸೆಕೆಂಡಿಗೆ ಕಾಲನ್ನು ಮೇಲಕ್ಕೆ ತಳ್ತು.

ಹುಡುಕೋ ಕ್ರಮ

ಮಾರನೇ ದಿನ ಭಾನುವಾರ. ಅಪ್ಪನ ಹಳೇ ಶಿಷ್ಯರೊಬ್ಬರು ಊರಾಚೆ ಒಂದು ಸಣ್ಣ ಗ್ಯಾರೇಜ್ ಇಟ್ಟಿದ್ದಾರೆ. ಅವರ ಹತ್ತಿರ ಗಾಡಿ ಒಯ್ದೆವು. ವಿಷಯ ಕೇಳಿ ಅವರು ಅಂದಿದ್ದು ಒಂದೇ ಮಾತು: "ಮೇಷ್ಟ್ರೇ, ಯಾವ ಪಾರ್ಟೂ ತರೋದು ಬೇಡ. ಮೊದಲು ಎಲ್ಲಿ ಏರ್ ಎಳೀತಿದೆ ಅಂತ ನೋಡೋಣ." ಅವತ್ತು ಅವರು ಹುಡುಕಿದ ಕ್ರಮ ನನಗೆ ಬಹಳ ಹಿಡಿಸ್ತು. ಸುಲಭದ್ದು ಮೊದಲು, ಖರ್ಚಿನದ್ದು ಕೊನೆಗೆ.

ಮೊದಲು ಕಣ್ಣು, ಬೆರಳು. ಇಂಜಿನ್ ಆಫ್ ಇರಬೇಕು, ತಣ್ಣಗಿರಬೇಕು. ಮ್ಯಾನಿಫೋಲ್ಡ್‌ನಿಂದ ಹೊರಡೋ ಒಂದೊಂದೇ ರಬ್ಬರ್ ಪೈಪನ್ನು ಹಿಡಿದು ಹಿಂಡಿ ನೋಡಬೇಕು. ಗಟ್ಟಿಯಾಗಿದೆಯಾ? ಅಂಟಂಟಾಗಿದೆಯಾ? ತುದಿಯಲ್ಲಿ ಸಡಿಲ ಆಗಿದೆಯಾ? ಸೀಳು ಯಾವಾಗಲೂ ಪೈಪು ಬಾಗೋ ಜಾಗದಲ್ಲಿ, ಅದರಲ್ಲೂ ಕಣ್ಣಿಗೆ ಬೀಳದ ಕೆಳಬದಿಯಲ್ಲಿ ಹೆಚ್ಚು. ಮೊಬೈಲನ್ನು ಕೆಳಗೆ ತೂರಿಸಿ ಟಾರ್ಚ್ ಹಾಕಿ ವಿಡಿಯೊ ಮಾಡಿದರೆ ಚೆನ್ನಾಗಿ ಕಾಣುತ್ತೆ. ಕೆಳಗೆ ಬಗ್ಗಿ ನೋಡೋ ಕಷ್ಟ ಇಲ್ಲ.

ಆಮೇಲೆ ಕಿವಿ. ಇಂಜಿನ್ ಸ್ಟಾರ್ಟ್ ಮಾಡಿದರೆ ಲೀಕ್ ಇರೋ ಕಡೆ "ಸ್ಸ್ಸ್" ಅಂತ ಕುಕ್ಕರ್ ವಿಶಲ್ ಬರೋ ಮುಂಚಿನ ಸದ್ದು. ಆದರೆ ಫ್ಯಾನು, ಬೆಲ್ಟುಗಳ ಗಲಾಟೆಯಲ್ಲಿ ಎಲ್ಲಿಂದ ಅಂತ ಗೊತ್ತಾಗಲ್ಲ. ಅದಕ್ಕೆ ಎರಡಡಿ ಉದ್ದದ ಯಾವುದಾದರೂ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಪೈಪುಗಳ ಗುಂಟ ಓಡಿಸಬೇಕು. ಡಾಕ್ಟರ ಸ್ಟೆತಸ್ಕೋಪ್ ಥರಾನೇ. ಲೀಕಿನ ಹತ್ತಿರ ಬಂದಾಗ ಸದ್ದು ಥಟ್ಟನೆ ಜೋರಾಗುತ್ತೆ. ಒಂದು ಎಚ್ಚರಿಕೆ: ಉದ್ದ ಕೂದಲು, ದುಪಟ್ಟಾ, ಕೊರಳಿನ ಐಡಿ ಕಾರ್ಡ್, ಸಡಿಲ ತೋಳು ಯಾವುದೂ ಬೆಲ್ಟಿನ ಹತ್ತಿರ ಬೇಡ. ರೇಡಿಯೇಟರ್ ಫ್ಯಾನ್ ಹೇಳದೇ ಕೇಳದೇ ತಿರುಗೋಕೆ ಶುರು ಮಾಡುತ್ತೆ.

ಮೂರನೆಯದು, ಪೈಪು ಅದುಮೋದು. ಇಂಜಿನ್ ಓಡ್ತಿರುವಾಗ ಪ್ಲೇಯರ್ ಬಾಯಿಗೆ ಬಟ್ಟೆ ಸುತ್ತಿ, ಒಂದೊಂದೇ ಪೈಪನ್ನು ಮ್ಯಾನಿಫೋಲ್ಡ್ ಹತ್ತಿರ ಮೆತ್ತಗೆ ಅದುಮಿ ಮುಚ್ಚಬೇಕು. ಯಾವುದನ್ನು ಮುಚ್ಚಿದಾಗ ಆರ್‌ಪಿಎಂ ಸರಿಯಾಗುತ್ತೋ ಲೀಕ್ ಆ ಕೊಂಬೆಯಲ್ಲಿದೆ. ಪಿಸಿವಿ ಪೈಪು ಮಾತ್ರ ಇದಕ್ಕೆ ಹೊರತು. ಅದರಲ್ಲಿ ಸ್ವಲ್ಪ ಗಾಳಿ ಹರಿಯೋದು ಸಹಜವಾದ್ದರಿಂದ ಅದನ್ನು ಮುಚ್ಚಿದಾಗ ಆರ್‌ಪಿಎಂ ತುಸು ಬದಲಾದರೆ ಗಾಬರಿ ಬೇಡ. ಗಟ್ಟಿಯಾಗಿರೋ ಪೈಪನ್ನು ಅದುಮೋಕೂ ಹೋಗಬೇಡಿ, ಒಡೆದೇ ಹೋಗುತ್ತೆ.

ನಾಲ್ಕನೆಯದು ನೀರು. ಗಿಡಕ್ಕೆ ಹೊಡೆಯೋ ಸ್ಪ್ರೇ ಬಾಟಲಿನಲ್ಲಿ ನೀರು ತುಂಬಿ, ಅನುಮಾನ ಇರೋ ಜಾಯಿಂಟ್ ಮೇಲೆ ಸಣ್ಣಗೆ ಸಿಂಪಡಿಸಿದರೆ, ನೀರು ಸೀಳನ್ನು ಒಂದು ಕ್ಷಣ ಮುಚ್ಚುತ್ತೆ. ಸದ್ದು ಬದಲಾಗುತ್ತೆ, ಆರ್‌ಪಿಎಂ ಕೊಂಚ ಅಲುಗುತ್ತೆ. ಇಗ್ನಿಷನ್ ವೈರು, ಕನೆಕ್ಟರ್‌ಗಳ ಮೇಲೆ ಮಾತ್ರ ನೀರು ಬೀಳಬಾರದು. ಕೆಲವರು ಕಾರ್ಬೊರೇಟರ್ ಕ್ಲೀನರ್ ಹೊಡೀತಾರೆ. ಅದು ಒಳಗೆ ಹೋಗಿ ಉರಿಯೋದರಿಂದ ಆರ್‌ಪಿಎಂ ಸ್ಪಷ್ಟವಾಗಿ ಬದಲಾಗುತ್ತೆ ನಿಜ. ಆದರೆ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿ. ಆ ಕೆಲಸ ಅನುಭವ ಇರೋರಿಗೆ, ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲಿರೋ ಗ್ಯಾರೇಜಿಗೆ ಬಿಟ್ಟುಬಿಡಿ. ಊದುಬತ್ತಿ ಹಿಡಿದು ಹೊಗೆ ಎಲ್ಲಿ ಎಳೆಯುತ್ತೆ ಅಂತ ನೋಡೋರೂ ಇದ್ದಾರೆ. ಪೆಟ್ರೋಲ್ ಆವಿ ಇರೋ ಕಡೆ ಕೆಂಡ ಹಿಡಿಯೋದು ಬೇಡವೇ ಬೇಡ.

ಇಷ್ಟಕ್ಕೂ ಸಿಗದಿದ್ದರೆ ಸ್ಮೋಕ್ ಟೆಸ್ಟ್. ಇಂಜಿನ್ ಆಫ್ ಇರುವಾಗ ಮ್ಯಾನಿಫೋಲ್ಡ್ ಒಳಗೆ ಮೆಷಿನ್‌ನಿಂದ ಹೊಗೆ ತುಂಬಿಸ್ತಾರೆ, ಎಲ್ಲಿಂದ ಹೊಗೆ ಹೊರಬರುತ್ತೋ ಅಲ್ಲೇ ತೂತು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್ ಬುಡದ ರಬ್ಬರ್ ರಿಂಗಿನಂಥ ಕೈಗೆಟುಕದ ಲೀಕುಗಳಿಗೆ ಇದೇ ಸರಿ. ಗ್ಯಾಸ್ಕೆಟ್ ಲೀಕಿಗೆ ಒಂದು ಗುರುತಿದೆ: ಬೆಳಗ್ಗೆ ತಣ್ಣಗಿರುವಾಗ ಇಂಜಿನ್ ನಡುಗುತ್ತೆ, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಸರಿಹೋಗುತ್ತೆ. ರಬ್ಬರ್ ಪೈಪಿನ ಸೀಳು ಇದಕ್ಕೆ ಉಲ್ಟಾ, ಬಿಸಿಗೆ ಮೆತ್ತಗಾಗಿ ಬಾಯಿ ಬಿಡುತ್ತೆ.

ಗೇಜ್ ನೋಡುವಾಗ ಊರು ನೋಡಿ

ನಮ್ಮ ಮೆಕ್ಯಾನಿಕ್ ಅಣ್ಣನ ಹತ್ತಿರ ಒಂದು ವ್ಯಾಕ್ಯೂಮ್ ಗೇಜ್ ಇತ್ತು. ಮ್ಯಾನಿಫೋಲ್ಡ್‌ಗೆ ಸಿಕ್ಕಿಸಿದರೆ ಮುಳ್ಳು 12 ಇಂಚಿನ ಹತ್ತಿರ ನಿಂತಿತು. ಆರೋಗ್ಯವಂತ ಇಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 22 ಇಂಚು ತೋರಿಸಬೇಕು ಅಂತ ಪುಸ್ತಕಗಳಲ್ಲಿ ಬರೆದಿರುತ್ತೆ. ಆದರೆ ಅದು ಸಮುದ್ರ ಮಟ್ಟದ ಲೆಕ್ಕ. ಮೇಲೆ ಹೋದಂತೆ ಹೊರಗಿನ ಗಾಳಿಯೇ ತೆಳುವಾಗೋದರಿಂದ, ಸುಮಾರು 300 ಮೀಟರ್‌ಗೆ ಒಂದಿಂಚಿನಂತೆ ಕಳೆಯಬೇಕು. ಹಾಸನ, ಬೆಂಗಳೂರು ಎರಡೂ 900 ಮೀಟರ್‌ಗಿಂತ ಮೇಲಿವೆ. ಅಂದ್ರೆ ಮೂರಿಂಚು ಕಮ್ಮಿ. ಇಲ್ಲಿ 14ರಿಂದ 19 ಬಂದರೆ ಸರಿ. ಮಂಗಳೂರಲ್ಲಿ 15 ತೋರಿಸಿದರೆ ಅನುಮಾನ ಪಡಬೇಕು, ಬೆಂಗಳೂರಲ್ಲಿ 15 ತೋರಿಸಿದರೆ ನೆಮ್ಮದಿಯಾಗಿರಬಹುದು. ಈ ಲೆಕ್ಕ ಹಾಕದೇ ಒಳ್ಳೇ ಇಂಜಿನ್ನಿಗೂ ರೋಗಿ ಪಟ್ಟ ಕಟ್ಟೋರಿದ್ದಾರೆ. ನಮ್ಮದಕ್ಕೆ ಬಂದಿದ್ದು 12. ಹಾಸನದ ಲೆಕ್ಕದಲ್ಲೂ ಅದು ಕಮ್ಮಿಯೇ.

ನಿಮ್ಮ ಗಾಡಿ 2013ರ ನಂತರದ್ದಾದರೆ ಇನ್ನೊಂದು ಸೌಲಭ್ಯ ಇದೆ. ಓಬಿಡಿ ಸಾಕೆಟ್‌ಗೆ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲೇ ಫ್ಯೂಯೆಲ್ ಟ್ರಿಮ್ ಅನ್ನೋ ಅಂಕಿ ನೋಡಬಹುದು. ಲೆಕ್ಕ ತಪ್ಪಿದಾಗ ಇಸಿಯು ಎಷ್ಟು ಪೆಟ್ರೋಲನ್ನು ಮೇಲಿಂದ ಸೇರಿಸ್ತಿದೆ ಅಂತ ಅದು ಶೇಕಡಾವಾರು ಹೇಳುತ್ತೆ. ಐಡ್ಲಿಂಗ್‌ನಲ್ಲಿ ಹತ್ತಕ್ಕಿಂತ ಮೇಲಿದ್ದು, 2,500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ಏರ್ ಲೀಕ್ ಅನ್ನೋದು ಹೆಚ್ಚು ಕಮ್ಮಿ ಖಾತ್ರಿ. ಯಾಕಂದ್ರೆ ಥ್ರಾಟಲ್ ತೆರೆದಾಗ ಮುಂಬಾಗಿಲಿಂದಲೇ ಅಷ್ಟೊಂದು ಗಾಳಿ ಬರುತ್ತೆ, ಸೀಳಿನ ಪಾಲು ಲೆಕ್ಕಕ್ಕಿಲ್ಲದಂತಾಗುತ್ತೆ. ಉಲ್ಟಾ, ಸ್ಪೀಡ್ ಜಾಸ್ತಿ ಆದಂತೆ ಟ್ರಿಮ್ ಇನ್ನೂ ಏರಿದರೆ ಪೆಟ್ರೋಲ್ ಫಿಲ್ಟರ್, ಪಂಪ್ ಕಡೆ ನೋಡಬೇಕು. P0171 ಅನ್ನೋ ಕೋಡ್ ಬಂದರೆ "ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ" ಅಂತ ಅರ್ಥ ಅಷ್ಟೇ. ಸೆನ್ಸರ್ ಹಾಳಾಗಿದೆ ಅಂತಲ್ಲ. ಆ ಒಂದು ಕೋಡ್ ತೋರಿಸಿ ಆಕ್ಸಿಜನ್ ಸೆನ್ಸರ್ ಬದಲಾಯಿಸಿ ಅಂದರೆ ಯಾಕೆ ಅಂತ ಕೇಳಿ.

ಒಂದು ಅಡಿ ಪೈಪು

ಅಪ್ಪನ ಗಾಡಿಯಲ್ಲಿ ಕಣ್ಣಿಗೆ ಏನೂ ಸಿಗಲಿಲ್ಲ. ಕಿವಿಗೆ ಸಿಕ್ತು. ಸದ್ದು ಬೂಸ್ಟರ್ ಕಡೆಯಿಂದ ಬರ್ತಿತ್ತು. ಬೂಸ್ಟರ್ ಪೈಪನ್ನು ಮ್ಯಾನಿಫೋಲ್ಡ್ ಪಕ್ಕದಲ್ಲಿ ಅದುಮಿದ ಕೂಡಲೇ 1,400 ಇದ್ದ ಆರ್‌ಪಿಎಂ 850ಕ್ಕೆ ಇಳೀತು. ಪೈಪನ್ನು ಬಿಚ್ಚಿ ತಿರುಗಿಸಿ ನೋಡಿದರೆ ಒನ್-ವೇ ವಾಲ್ವ್‌ಗೂ ಬೂಸ್ಟರ್‌ಗೂ ನಡುವೆ, ಬಾಗಿನ ಅಡಿಯಲ್ಲಿ ಬೆರಳುಗುರಿನಷ್ಟು ಸೀಳು. ಸುಮ್ಮನಿದ್ದಾಗ ಮುಚ್ಚಿಕೊಂಡಿರುತ್ತೆ, ಬಗ್ಗಿಸಿದರೆ ಬಾಯಿ ತೆರೆಯುತ್ತೆ. ಅಲ್ಲಿಂದ ನುಗ್ಗಿದ ಗಾಳಿ ವಾಲ್ವ್ ದಾಟಿ ಇಂಜಿನ್ ಸೇರ್ತಿತ್ತು, ಅದಕ್ಕೇ ಅರಚಾಟ. ಬೂಸ್ಟರ್‌ನಲ್ಲಿ ಏನೂ ಕೂಡಿಟ್ಟುಕೊಳ್ಳೋಕೆ ಆಗ್ತಿರಲಿಲ್ಲ, ಅದಕ್ಕೇ ಗಟ್ಟಿ ಪೆಡಲ್.

ಇಲ್ಲಿ ಇನ್ಸುಲೇಷನ್ ಟೇಪ್, ಅಂಟು, ಸೈಕಲ್ ಟ್ಯೂಬಿನ ತುಂಡು ಯಾವುದೂ ನಡೆಯಲ್ಲ. ಬ್ರೇಕಿಗೆ ಸಂಬಂಧಿಸಿದ್ದು ಅಂದ ಮೇಲೆ ಜುಗಾಡ್ ಮಾತೇ ಬೇಡ. ಮಾಮೂಲಿ ತೆಳು ಪೈಪು ಹಾಕಿದರೆ ಎಳೆತಕ್ಕೆ ಸ್ಟ್ರಾದಂತೆ ಚಪ್ಪಟೆಯಾಗುತ್ತೆ. ಬೂಸ್ಟರ್‌ಗೆ ಅಂತಲೇ ಬರೋ, ದಪ್ಪ ಗೋಡೆಯ, ಅದೇ ಮಾಡೆಲಿನ ಪೈಪೇ ಬೇಕು. ಪಿಸಿವಿ ಕಡೆಗಾದರೆ ಆಯಿಲ್ ತಡೆಯೋ ರಬ್ಬರ್ ಕೇಳಿ ತಗೊಳ್ಳಿ. ಬಣ್ಣ ಬಣ್ಣದ ಸಿಲಿಕಾನ್ ಪೈಪು ನೋಡೋಕೆ ಚೆಂದ, ಆಯಿಲ್ ಮತ್ತು ಪೆಟ್ರೋಲ್ ಆವಿಗೆ ಮಾಮೂಲಿ ಸಿಲಿಕಾನ್ ತಡೆಯಲ್ಲ. ಹಳೇ ಪೈಪನ್ನೇ ಸ್ಯಾಂಪಲ್‌ಗೆ ಕೈಯಲ್ಲಿ ಹಿಡಿದು ಹೋಗೋದು ಒಳ್ಳೇದು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ.

ವಾಲ್ವ್ ಸಮೇತ ಪೈಪು 460 ರುಪಾಯಿ, ಎರಡು ಹೊಸ ಕ್ಲಿಪ್ 40. ಕೂಲಿ ಬೇಡ ಅಂದರು, ಅಪ್ಪ ಬಲವಂತವಾಗಿ 300 ಕೊಟ್ಟರು. ಆಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಹತ್ತು ನಿಮಿಷ ಬಿಚ್ಚಿಟ್ಟು ಮತ್ತೆ ಹಾಕಿದರು. ಲೀಕ್ ಇದ್ದಾಗ ಇಸಿಯು ಕಲಿತಿದ್ದ ತಪ್ಪು ಪಾಠ ಅಳಿಸಿಹೋಗಲಿ ಅಂತ. ಆಕ್ಸಿಲರೇಟರ್ ಮುಟ್ಟದೇ ಇಂಜಿನ್ ಪೂರ್ತಿ ಬಿಸಿಯಾಗೋವರೆಗೆ ಓಡಿಸಿದರು. ಆರ್‌ಪಿಎಂ 800, ಗೇಜಿನ ಮುಳ್ಳು 17. ಎರಡೂ ಬ್ರೇಕ್ ಪರೀಕ್ಷೆ ಪಾಸು.

ಅಪ್ಪ ಗ್ಯಾರೇಜಿನ ಮುಂದಿನ ರಸ್ತೆಯಲ್ಲೇ ಒಂದು ರೌಂಡ್ ಹೋಗಿ ಬಂದರು. ಮೂರು ನಾಲ್ಕು ಕಡೆ ಸುಮ್ಮಸುಮ್ಮನೆ ಬ್ರೇಕ್ ಹಾಕಿದ್ದು ದೂರದಿಂದ ಕಾಣ್ತಿತ್ತು. ವಾಪಸ್ ಬಂದು ಇಳಿದವರು ತಮ್ಮ ಮೊಣಕಾಲು ಒಂದು ಸಲ ತಟ್ಟಿಕೊಂಡು, "ಕಾಲಲ್ಲ ಕಣೋ, ಪೈಪು" ಅಂದರು. ಅಷ್ಟೇ. ಆ ತಿಂಗಳೇ ಆರ್‌ಸಿ ನವೀಕರಣಕ್ಕೆ ಕೊಟ್ಟರು.

ಹಾಗಂತ ಎಲ್ಲ ಹಳೇ ಗಾಡಿಯನ್ನೂ ಹಿಡಿದುಕೊಂಡು ಕೂರಿ ಅಂತ ಹೇಳ್ತಿಲ್ಲ. ಚಾಸಿಗೆ ತುಕ್ಕು ಹಿಡಿದಿದ್ದರೆ, ಕಂಪ್ರೆಷನ್ ಹೋಗಿ ಆಯಿಲ್ ಕುಡೀತಿದ್ದರೆ, ಬಿಡಿಭಾಗವೇ ಸಿಗದಿದ್ದರೆ ಕೊಡೋದೇ ಸರಿ. ಆದರೆ ಆ ತೀರ್ಮಾನ ನಿಜವಾದ ಕಾರಣ ಗೊತ್ತಾದ ಮೇಲೆ ಆಗಬೇಕು. ಮನೆಯಲ್ಲಿ ಹಿರಿಯರು ಓಡಿಸೋ ಗಾಡಿಯಾದರೆ ಇನ್ನೂ ಮುಖ್ಯ. "ಗೇರ್ ಬೀಳ್ತಿಲ್ಲ", "ಬ್ರೇಕ್ ಗಟ್ಟಿ", "ಸ್ಟೀರಿಂಗ್ ಭಾರ" ಅಂತ ಅವರು ಅಂದಾಗ ಅವರ ವಯಸ್ಸಿನ ಲೆಕ್ಕಕ್ಕೆ ಹಾಕೋ ಮುಂಚೆ ಗಾಡಿಯನ್ನು ಒಂದು ಸಲ ನೋಡಿಸಿ. ಎಷ್ಟೋ ಹಿರಿಯರು ಗಾಡಿಯ ದೋಷವನ್ನು ತಮ್ಮ ಮೈಯ ದೋಷ ಅಂದುಕೊಂಡು ಸುಮ್ಮನೆ ಕೀ ಎತ್ತಿಟ್ಟುಬಿಡ್ತಾರೆ.

ಬೈಕಿನವರಿಗೂ ಒಂದು ಮಾತು. ಹಳೇ ಕಾರ್ಬೊರೇಟರ್ ಬೈಕಿನಲ್ಲಿ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಸದ್ದು ತಡವಾಗಿ ಇಳೀತಿದ್ದರೆ, ಐಡ್ಲಿಂಗ್ ಎಷ್ಟು ಸೆಟ್ ಮಾಡಿದರೂ ನಿಲ್ಲದಿದ್ದರೆ, ಕಾರ್ಬೊರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಜಾಯಿಂಟ್ ಬಗ್ಗಿಸಿ ನೋಡಿ. ಸೀಳು ಹೆಚ್ಚಾಗಿ ಅಲ್ಲೇ ಇರುತ್ತೆ.

ಇನ್ನು ಗ್ಯಾರೇಜಿಗೆ ಹೋದಾಗ ಏನು ಹೇಳಬೇಕು? "ಐಡ್ಲಿಂಗ್ ಸರಿ ಇಲ್ಲ" ಅಂತ ಹೇಳಿ ಕೀ ಕೊಟ್ಟು ಬರಬೇಡಿ. ತಣ್ಣಗಿದ್ದಾಗ ಎಷ್ಟು ಆರ್‌ಪಿಎಂ, ಬಿಸಿಯಾದಾಗ ಎಷ್ಟು, ಏಸಿ ಹಾಕಿದರೆ ಏನಾಗುತ್ತೆ, ಬ್ರೇಕ್ ಒತ್ತಿದರೆ ಸದ್ದು ಬದಲಾಗುತ್ತಾ ಅಂತ ನಾಲ್ಕು ಸಾಲು ಮೊಬೈಲಿನಲ್ಲಿ ಬರೆದುಕೊಂಡು ಹೋಗಿ. "ಪಾರ್ಟ್ ಹಾಕೋ ಮುಂಚೆ ಏರ್ ಲೀಕ್ ಚೆಕ್ ಮಾಡಿ, ಎಲ್ಲಿ ಅಂತ ನನಗೂ ತೋರಿಸಿ" ಅನ್ನಿ. ಒಳ್ಳೇ ಮೆಕ್ಯಾನಿಕ್ ಬೇಜಾರು ಮಾಡ್ಕೊಳ್ಳಲ್ಲ, ಖುಷಿಯಿಂದ ತೋರಿಸ್ತಾರೆ.

ಮುಂದಿನ ಭಾನುವಾರ ಊರಿಗೆ ಹೋದಾಗ ಆ ಒಂದು ನಿಮಿಷದ ಬ್ರೇಕ್ ಪರೀಕ್ಷೆ ಮಾಡಿ ನೋಡಿ. ಇಂಜಿನ್ ಆಫ್, ನಾಲ್ಕೈದು ಸಲ ಒತ್ತು, ಹಿಡಿದುಕೊಂಡು ಸ್ಟಾರ್ಟ್. ಪೆಡಲ್ ಇಳಿದರೆ ಕಾಫಿ ಕುಡಿಯೋಕೆ ಒಳಗೆ ಹೋಗಿ. ಇಳಿಯದಿದ್ದರೆ ಸೋಮವಾರ ಆ ಗಾಡಿಯನ್ನು ರಸ್ತೆಗೆ ಬಿಡಬೇಡಿ, ಮೆಕ್ಯಾನಿಕ್‌ನ ಮನೆಗೇ ಕರೆಸಿ.